ಮಲ್ಲರ ಚಿತ್ರಕ್ಕೆ ಬೆಳಕೇ ಮೂಲಧನ

ಶಹಾಪುರ, ಸುರಪುರಗಳ ಸೀಮೆಯಲ್ಲಿ ಜಾತ್ರೆಯಾಗಲಿ ಉರುಸಾಗಲಿ, ದೇವರ ಕಾರ್ಯ ಮುಗಿದ ಮೇಲೆ ಜನ ಕಾತರದಿಂದ ಕಾಯುವುದು ಕುಸ್ತಿಯನ್ನು. ಹಲಗಿಯ ಬಡಿತ ಏರುತ್ತಿರಲು, ಲಂಗೋಟಿ ಬಿಗಿದ ಪೈಲ್ವಾನರು ಅಖಾಡದ ಮಣ್ಣನ್ನು ಹಣೆಗೆ ಒತ್ತಿಕೊಂಡು ತೊಡೆ ತಟ್ಟಿ ಎದುರುಬದುರಾಗುವ ಆ ದೃಶ್ಯದ ಮೇಲೆ ತೆರೆದ ಆಕಾಶದ ಧಾರಾಳವಾದ ಬಿಸಿಲು ಇದ್ದುದರಿಂದ, ಅದನ್ನು ಚಿತ್ರವಾಗಿ ಉಳಿಸಿಕೊಳ್ಳುವುದಕ್ಕೆ ಸಾಧಾರಣವಾದ ಕ್ಯಾಮರಾವೇ ಸಾಕಾಗುತ್ತಿತ್ತು. ಈಗ ಮಲ್ಲಯುದ್ಧದ ನೆಲೆ ಬದಲಾಗುತ್ತಿದೆ. ಮ್ಯಾಟ್ ಕುಸ್ತಿ ಒಳಾಂಗಣ ಕ್ರೀಡಾಂಗಣಗಳನ್ನು ಸೇರಿದೆ. ಮಕ್ಕಳ ಕರಾಟೆ ಪಂದ್ಯಗಳು ಕಲ್ಯಾಣ ಮಂಟಪಗಳಲ್ಲಿ ನಡೆಯುತ್ತಿವೆ. ನಮ್ಮ ಕಲ್ಯಾಣ ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿಯೇ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಬಾಕ್ಸಿಂಗ್, ಕುಸ್ತಿ, ಜೂಡೊಗಳ ಅಭ್ಯಾಸ ಸೂರಿನಡಿಯಲ್ಲಿ ಸಾಗಿದೆ. ಮಣ್ಣಿನಿಂದ ಮ್ಯಾಟಿಗೆ ಬಂದದ್ದರಿಂದ ಮಲ್ಲನಿಗೆ ಎಷ್ಟು ವ್ಯತ್ಯಾಸವಾಯಿತೋ, ಸೂರ್ಯನನ್ನು ಹೊರಗೆ ಬಿಟ್ಟು ಒಳಗೆ ಬಂದದ್ದರಿಂದ ಛಾಯಾಗ್ರಾಹಕನಿಗೆ ಅದಕ್ಕಿಂತಲೂ ದೊಡ್ಡ ವ್ಯತ್ಯಾಸವಾಯಿತು.

ಈ ವ್ಯತ್ಯಾಸವನ್ನು ಮನಗಾಣದೆ ಕ್ಯಾಮರಾ ಕೊಳ್ಳುವ ತರುಣರು ನಮ್ಮಲ್ಲಿ ಬಹಳ ಮಂದಿ. ಅಂಗಡಿಯ ಗಾಜಿನ ಹಿಂದೆ ಇರುವ ಹೊಸ ಮಾದರಿಯ ಹೆಸರು, ಅದರ ಮೆಗಾಪಿಕ್ಸೆಲ್ ಸಂಖ್ಯೆ, ಇವುಗಳಿಗೆ ಮನಸೋತು ಕೈಯಲ್ಲಿದ್ದ ಹಣವನ್ನೆಲ್ಲ ಕ್ಯಾಮರಾದ ಒಡಲಿಗೆ ಸುರಿದು, ಅದರೊಡನೆ ಪೆಟ್ಟಿಗೆಯಲ್ಲಿ ಬಂದ ಅಗ್ಗದ ಲೆನ್ಸನ್ನೇ ಹಿಡಿದು ಪಂದ್ಯಕ್ಕೆ ಹೋದವರಿಗೆ, ಮರಳಿ ಬಂದು ನೋಡಿದಾಗ ಕಾಣುವುದು ಮಸುಕಾದ ಕೈಗಳು, ಮರಳು ಎರಚಿದಂತಹ ಮುಖಗಳು. ಬಾವಿಯಲ್ಲಿ ನೀರಿಲ್ಲದಾಗ ಹಗ್ಗವನ್ನು ಬದಲಿಸಿ ಫಲವಿಲ್ಲ. ಈ ಕಾರ್ಯಕ್ಕೆ ಸಲಕರಣೆಯನ್ನು ಆರಿಸತಕ್ಕ ಕ್ರಮ ಒಂದುಂಟು: ಮೊದಲು ಬೆಳಕು, ಅನಂತರ ದೂರ, ಇವೆರಡನ್ನೂ ಅನುಸರಿಸಿ ಲೆನ್ಸು, ಕಟ್ಟಕಡೆಗೆ ಕ್ಯಾಮರಾ. ಈ ಕ್ರಮ ಏಕೆ ಹೀಗೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಿಂತ ಮಲ್ಲನಿಂದ ನೆಗೆಯುವ ಮಲ್ಲನವರೆಗೆ

ಮಲ್ಲವಿದ್ಯೆಗೂ ಈ ನಾಡಿಗೂ ಇರುವ ಸಂಬಂಧ ಬಹು ಪುರಾತನವಾದದ್ದು. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತದ ವಿಶ್ವಕೋಶ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವಿದ್ದು, ಮಲ್ಲರ ವರ್ಗೀಕರಣವೂ ಅವರ ಆಹಾರ, ಅಭ್ಯಾಸಗಳೂ ಅಲ್ಲಿ ನಿರೂಪಿತವಾಗಿವೆ. ಅತ್ತ ಚಿತ್ರಕಲೆಯೂ ಈ ನೆಲಕ್ಕೆ ಅಪರಿಚಿತವಲ್ಲ. ಸುರಪುರದ ನಾಯಕರ ಆಶ್ರಯದಲ್ಲಿ ಒಂದು ವಿಶಿಷ್ಟವಾದ ಚಿತ್ರಸಂಪ್ರದಾಯವೇ ಬೆಳೆಯಿತು. ಆದರೆ ಮಲ್ಲನ ಚಲನೆಯನ್ನು ಚಲನೆಯಾಗಿಯೇ ಹಿಡಿಯುವ ಶಕ್ತಿ ಮನುಷ್ಯನಿಗೆ ಬಂದದ್ದು ತೀರ ಈಚೆಗೆ.

ಶಹಾಪುರವು 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಸೇರಿತ್ತು. ಆರನೆಯ ನಿಜಾಮರ ಆಸ್ಥಾನದ ಛಾಯಾಗ್ರಾಹಕರಾಗಿದ್ದ ರಾಜಾ ಲಾಲಾ ದೀನ್ ದಯಾಳರು (1844–1905) ಭಾರತದ ಛಾಯಾಗ್ರಹಣಕ್ಕೆ ಕೀರ್ತಿ ತಂದವರು. ಅವರ ಕಾಲದ ಗಾಜಿನ ಫಲಕಗಳು ಬೆಳಕಿಗೆ ಎಷ್ಟು ನಿಧಾನವಾಗಿ ಓಗೊಡುತ್ತಿದ್ದುವೆಂದರೆ, ಒಳಾಂಗಣದಲ್ಲಿ ಚಿತ್ರ ತೆಗೆಯಿಸಿಕೊಳ್ಳುವವರು ಉಸಿರು ಬಿಗಿಹಿಡಿದು ಅಲುಗಾಡದೆ ನಿಲ್ಲಬೇಕಾಗಿತ್ತು. ಹಳೆಯ ಗರಡಿ ಮನೆಗಳ ಗೋಡೆಯ ಮೇಲೆ ತೂಗುವ ಪಟಗಳಲ್ಲಿ ಪೈಲ್ವಾನರು ತೋಳು ಕಟ್ಟಿಯೋ ಗದೆ ಹೆಗಲಿಗಿಟ್ಟೋ ಕಂಬದಂತೆ ನಿಂತಿರುವ ಸಂಪ್ರದಾಯದ ಹಿಂದೆ ಗಾಂಭೀರ್ಯದ ಅಭಿಲಾಷೆ ಎಷ್ಟಿದೆಯೋ ಬೆಳಕಿನ ಅಭಾವವೂ ಅಷ್ಟೇ ಇದೆ. 1954ರಲ್ಲಿ ಕೊಡಾಕ್ ಸಂಸ್ಥೆಯ ಟ್ರೈ-ಎಕ್ಸ್ ಫಿಲ್ಮು 35 ಮಿ.ಮೀ. ಸುರುಳಿಯಾಗಿ ಬಂದ ಮೇಲೆ ಪತ್ರಿಕಾ ಛಾಯಾಗ್ರಾಹಕರು ಮಂದ ಬೆಳಕಿನ ಸಭಾಂಗಣಗಳಲ್ಲಿಯೂ ಧೈರ್ಯದಿಂದ ಚಿತ್ರ ತೆಗೆಯುವಂತಾಯಿತು. 2007ರಲ್ಲಿ ಬಂದ ನಿಕಾನ್ ಡಿ3 ಕ್ಯಾಮರಾ ಐಎಸ್ಒವನ್ನು (ಬೆಳಕಿಗೆ ಓಗೊಡುವ ಶಕ್ತಿಯ ಅಳತೆ) 6400ಕ್ಕೆ ಏರಿಸಿದಾಗಲೂ ಅಚ್ಚಿಗೆ ಯೋಗ್ಯವಾದ ಚಿತ್ರವನ್ನು ಕೊಟ್ಟಾಗ ಒಳಾಂಗಣ ಕ್ರೀಡೆಯ ಛಾಯಾಗ್ರಹಣದಲ್ಲಿ ಹೊಸ ಅಧ್ಯಾಯವೇ ತೆರೆಯಿತು.

ಬೆಳಕಿನ ಲೆಕ್ಕ

ಬೆಳಕನ್ನು ಅಳೆಯುವ ಮಾನ ಲಕ್ಸ್. ನಮ್ಮ ಬಯಲುಸೀಮೆಯ ನಡುಹಗಲಿನ ಬಿಸಿಲು ನೆಲದ ಮೇಲೆ ಸುಮಾರು 1 ಲಕ್ಷ ಲಕ್ಸ್ ಬೆಳಕನ್ನು ಚೆಲ್ಲುತ್ತದೆ. ಚೆನ್ನಾಗಿ ಬೆಳಗಿದ ಕಚೇರಿಯ ಮೇಜಿನ ಮೇಲೆ ಬೀಳುವುದು 300ರಿಂದ 500 ಲಕ್ಸ್. ಕಣ್ಣು ಕತ್ತಲೆಗೂ ಬೆಳಕಿಗೂ ತಾನಾಗಿಯೇ ಹೊಂದಿಕೊಳ್ಳುವುದರಿಂದ, ಬಿಸಿಲಿಗಿಂತ ಸಭಾಂಗಣದ ಬೆಳಕು ಕೆಲವು ನೂರು ಪಾಲು ಕಡಮೆಯೆಂಬ ಸತ್ಯ ನಮಗೆ ತಿಳಿಯುವುದೇ ಇಲ್ಲ. ಕ್ಯಾಮರಾ ಮಾತ್ರ ಅದನ್ನು ಮರೆಯುವುದಿಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮ್ಯಾಟಿನ ಮೇಲೆ 320 ಲಕ್ಸ್ ಬೆಳಕಿದೆ. ಪಟ್ಟು ಹಾಕುವ ಕೈ ಮಸುಕಾಗದಿರಲು ಶಟರಿನ ವೇಗ ಸೆಕೆಂಡಿನ 500ರಲ್ಲಿ ಒಂದು ಪಾಲು ಬೇಕು. ಎಫ್ 2.8ರವರೆಗೆ ತೆರೆಯಬಲ್ಲ ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಂಡಿ ದೊಡ್ಡದು) ಇದ್ದರೆ ಐಎಸ್ಒ ಸುಮಾರು 3200 ಸಾಕಾಗುತ್ತದೆ. ಅದೇ ಬೆಳಕು, ಅದೇ ವೇಗ, ಆದರೆ ಜೂಮ್ ಚಾಚಿದಾಗ ಎಫ್ 5.6ಕ್ಕಿಂತ ಹೆಚ್ಚು ತೆರೆಯದ ಅಗ್ಗದ ಲೆನ್ಸಾದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಿಗೆ ಇಳಿದು, ಐಎಸ್ಒವನ್ನು 12,800ಕ್ಕೆ ಏರಿಸಬೇಕಾಗುತ್ತದೆ. ಚಿತ್ರದಲ್ಲಿ ಮರಳು ಕಾಣಿಸಿಕೊಳ್ಳುವುದು ಅಲ್ಲಿಯೇ. ಎಫ್ 1.8ರ ಚಿಕ್ಕ ಲೆನ್ಸಾದರೆ ಐಎಸ್ಒ 1250ರ ಆಸುಪಾಸಿನಲ್ಲಿಯೇ ಕೆಲಸ ಮುಗಿಯುತ್ತದೆ. ಎಂದರೆ, ಎಫ್ 5.6ರ ಲೆನ್ಸ್ ಒಳಬಿಡುವ ಬೆಳಕಿಗಿಂತ ಎಫ್ 1.8ರ ಲೆನ್ಸ್ ಒಳಬಿಡುವ ಬೆಳಕು ಒಂಬತ್ತು ಪಟ್ಟಿಗೂ ಮಿಗಿಲು. ಎಷ್ಟು ಬೆಲೆಯ ಕ್ಯಾಮರಾವಾದರೂ ತನ್ನ ಹಿಂದಿನ ಮಾದರಿಗಿಂತ ಒಂಬತ್ತು ಪಟ್ಟು ಮೇಲಾಗಿರುವುದಿಲ್ಲ. ಲೆನ್ಸನ್ನು ಮೊದಲು ಕೊಳ್ಳಬೇಕೆಂಬ ಮಾತಿಗೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಸೆಕೆಂಡಿನ 500ರಲ್ಲಿ ಒಂದು ಪಾಲು ಎಲ್ಲ ಆಟಕ್ಕೂ ಸಾಲುವುದೆ? ಬಾಕ್ಸರನ ಮುಷ್ಟಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬಂದರೆ, 250ರಲ್ಲಿ ಒಂದು ಪಾಲು ಕಾಲದಲ್ಲಿ ಅದು 4 ಸೆಂಟಿಮೀಟರ್ ಸರಿದಿರುತ್ತದೆ, 1000ದಲ್ಲಿ ಒಂದು ಪಾಲಿನಲ್ಲಿ 1 ಸೆಂಟಿಮೀಟರ್ ಮಾತ್ರ. ಆದಕಾರಣ ಬಾಕ್ಸಿಂಗ್, ಕರಾಟೆಗಳಿಗೆ 800ರಿಂದ 1000ದ ವೇಗ ಅಪೇಕ್ಷಣೀಯ. ಕುಸ್ತಿ, ಜೂಡೊಗಳಲ್ಲಿ ದೇಹಗಳು ಬಹುಕಾಲ ಒಂದನ್ನೊಂದು ಹೆಣೆದುಕೊಂಡು ತೂಗಾಡುತ್ತಿರುವುದರಿಂದ 400, 500ರ ವೇಗವೇ ಸಾಕು. ಧೋಬಿ ಪಛಾಡಿನಂತಹ ಎತ್ತೊಗೆತದಲ್ಲಿಯೂ ಎಸೆಯಲ್ಪಟ್ಟವನು ಗಾಳಿಯಲ್ಲಿ ಅತ್ಯುನ್ನತ ಸ್ಥಾನವನ್ನು ಮುಟ್ಟಿದ ಕ್ಷಣ ವೇಗ ತಗ್ಗುತ್ತದೆ, ಬಲ್ಲವರು ಆ ಕ್ಷಣಕ್ಕೆ ಕಾಯುತ್ತಾರೆ.

ಇನ್ನೊಂದು ತೊಡಕು ನಮ್ಮ ವಿದ್ಯುತ್ತಿನಿಂದಲೇ ಹುಟ್ಟುವಂಥದು. ನಮ್ಮ ದೇಶದ ವಿದ್ಯುತ್ ಪ್ರವಾಹ ಸೆಕೆಂಡಿಗೆ 50 ಆವರ್ತಗಳದ್ದಾದ ಕಾರಣ, ಹಳೆಯ ಟ್ಯೂಬ್‌ಲೈಟು, ಮರ್ಕ್ಯುರಿ ದೀಪ, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಬಾರಿ ಏರುತ್ತ ಇಳಿಯುತ್ತ ಉರಿಯುತ್ತವೆ. ಕಣ್ಣಿಗೆ ಇದು ಕಾಣದು. ಆದರೆ 500ರ ವೇಗದ ಶಟರ್ ಆ ಏರಿಳಿತದ ಐದನೆಯ ಒಂದು ಭಾಗವನ್ನು ಮಾತ್ರ ನೋಡುವುದರಿಂದ, ಸಾಲಾಗಿ ತೆಗೆದ ಚಿತ್ರಗಳಲ್ಲಿ ಒಂದು ಬೆಳ್ಳಗೆ, ಮತ್ತೊಂದು ಕಂದು, ಮಗದೊಂದು ಅರ್ಧ ಕತ್ತಲೆಯಾಗಿ ಬರುತ್ತದೆ. 2014ರ ಕ್ಯಾನನ್ 7ಡಿ ಮಾರ್ಕ್ 2 ಮೊದಲ್ಗೊಂಡು ಹಲವು ಕ್ಯಾಮರಾಗಳಲ್ಲಿ ದೀಪದ ಏರಿಕೆಯನ್ನು ಅರಿತು ಆ ಹೊತ್ತಿಗೇ ಶಟರ್ ಬಿಡುವ ಆ್ಯಂಟಿ-ಫ್ಲಿಕರ್ ಸೌಕರ್ಯ ಬಂದಿದೆ. ಕ್ಯಾಮರಾದ ಒಡಲನ್ನು ಆರಿಸುವಾಗ ಮೆಗಾಪಿಕ್ಸೆಲ್‌ಗಿಂತ ಮೊದಲು ವಿಚಾರಿಸತಕ್ಕದ್ದು ಇದನ್ನು.

ದೂರ ಮತ್ತು ಲೆನ್ಸು

ಪ್ರತಿಯೊಂದು ಆಟದ ಅಂಗಳಕ್ಕೂ ತನ್ನದೇ ಆದ ಅಳತೆಯಿದೆ. ಅಂತರರಾಷ್ಟ್ರೀಯ ನಿಯಮದ ಕುಸ್ತಿಯ ವೃತ್ತದ ವ್ಯಾಸ 9 ಮೀಟರ್. ಬಾಕ್ಸಿಂಗ್ ರಿಂಗಿನ ಹಗ್ಗಗಳ ಒಳಗಿನ ಪಾರ್ಶ್ವ 6.10 ಮೀಟರ್, ಕರಾಟೆಯದು 8 ಮೀಟರ್ ಚೌಕ, ಜೂಡೊದ್ದು 8ರಿಂದ 10 ಮೀಟರ್. ಗರಡಿ ಮನೆಯಾದರೋ ಇವೆಲ್ಲಕ್ಕಿಂತ ಇಕ್ಕಟ್ಟು. ನಾಲ್ಕು ಗೋಡೆಗಳ ನಡುವೆ ಕುಸ್ತಿಯ ಮಣ್ಣಿನ ಕಣವಾದ ಮಟ್ಟಿಯೇ ಬಹುಪಾಲು ಜಾಗವನ್ನು ಆಕ್ರಮಿಸಿಕೊಂಡಿರುವುದರಿಂದ ಛಾಯಾಗ್ರಾಹಕನಿಗೆ ಉಳಿಯುವುದು ಒಂದು ಮೂಲೆ.

ಗರಡಿಗೆ ಹೋಗುವವನು 35 ಮಿ.ಮೀ. ಅಥವಾ 24–70 ಮಿ.ಮೀ. ಲೆನ್ಸನ್ನು ಒಯ್ಯಲಿ. ಬಾಕ್ಸಿಂಗ್ ರಿಂಗಿನ ಅಂಚಿನಲ್ಲಿ ನಿಂತು ಕೆಳಗಿನ ಹಗ್ಗದ ಕೆಳಗಿನಿಂದ ನೋಡುವವನಿಗೂ ಇದೇ ಸರಿ. ಅಲ್ಲಿ ದೂರದ ಲೆನ್ಸ್ ಹಿಡಿದರೆ ಎದುರಾಳಿಗಳಲ್ಲಿ ಒಬ್ಬನ ಭುಜ ಮಾತ್ರ ಚೌಕಟ್ಟಿನಲ್ಲಿ ಉಳಿಯುತ್ತದೆ. ಮ್ಯಾಟಿನ ಹೊರಗೆ ತೀರ್ಪುಗಾರರ ಮೇಜುಗಳ ಆಚೆ ಕುಳಿತುಕೊಳ್ಳಬೇಕಾದ ಕುಸ್ತಿ, ಜೂಡೊ ಪಂದ್ಯಗಳಿಗೆ 70–200 ಮಿ.ಮೀ. ಎಫ್ 2.8 ಲೆನ್ಸ್ ಜಗತ್ತಿನಾದ್ಯಂತ ಮಾನ್ಯವಾದ ಆಯ್ಕೆ. 36 ಮಿ.ಮೀ. ಅಗಲದ ಫುಲ್‌ಫ್ರೇಮ್ ಸೆನ್ಸರಿನ ಮೇಲೆ ಇದು 10 ಮೀಟರ್ ದೂರದಲ್ಲಿ, 200 ಮಿ.ಮೀ.ನಲ್ಲಿ, 1.8 ಮೀಟರ್ ಅಗಲದಷ್ಟನ್ನು ತುಂಬಿಕೊಡುತ್ತದೆ. ಹೆಣೆದುಕೊಂಡ ಇಬ್ಬರು ಮಲ್ಲರ ತಲೆ, ತೋಳುಗಳಿಗೆ ಅದು ತಕ್ಕ ಚೌಕಟ್ಟು.

ಆದರೆ ಈ ಲೆನ್ಸಿನ ಬೆಲೆ ತಾಲ್ಲೂಕು ಊರಿನ ಹವ್ಯಾಸಿಗೆ ಎಟುಕುವಂಥದಲ್ಲ. ಅವನಿಗೆ ನನ್ನ ಸಲಹೆಯೆಂದರೆ, ಎಫ್ 1.8ರ 50 ಮಿ.ಮೀ. ಲೆನ್ಸನ್ನು, ಕೈಯಲ್ಲಿ ಇನ್ನಷ್ಟು ಹಣವಿದ್ದರೆ 85 ಮಿ.ಮೀ. ಲೆನ್ಸನ್ನು ಕೊಂಡು ಹತ್ತಿರಕ್ಕೆ ಹೋಗುವುದು. ಫುಲ್‌ಫ್ರೇಮಿಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರಿನ ಕ್ಯಾಮರಾದಲ್ಲಿ 50 ಮಿ.ಮೀ. ಲೆನ್ಸ್, 6 ಮೀಟರ್ ದೂರದಿಂದ, ಸುಮಾರು 2.8 ಮೀಟರ್ ಅಗಲ, 1.9 ಮೀಟರ್ ಎತ್ತರದ ನೋಟವನ್ನು ಕೊಡುತ್ತದೆ. ನಿಂತ ಇಬ್ಬರು ಪೈಲ್ವಾನರು ಅದರಲ್ಲಿ ಪೂರ್ಣವಾಗಿ ಹಿಡಿಯುತ್ತಾರೆ. ಇಂತಹ ಲೆನ್ಸುಗಳು ನಮ್ಮ ಊರುಗಳ ಮದುವೆಯ ಫೋಟೋಗ್ರಾಫರರ ಚೀಲಗಳಲ್ಲಿ ಅಪರೂಪವಲ್ಲ. ಮಂಟಪದ ಮಂದ ಬೆಳಕಿನಲ್ಲಿ ವಧೂವರರ ಮುಖವನ್ನು ಸೆರೆಹಿಡಿಯುವುದಕ್ಕೆ ಬೇಕಾದ ಗುಣವೇ ಕುಸ್ತಿಗೂ ಬೇಕಾದ್ದರಿಂದ, ಶಹಾಪುರದ ಒಂದು ಸ್ಟುಡಿಯೋ ತನ್ನಲ್ಲಿರುವ ಸಾಮಗ್ರಿಯಿಂದಲೇ ಈ ಕೆಲಸವನ್ನು ಆರಂಭಿಸಬಹುದು.

ದೊಡ್ಡದಾಗಿ ತೆರೆದ ಲೆನ್ಸಿಗೆ ಒಂದು ದೌರ್ಬಲ್ಯವೂ ಉಂಟು. ಫುಲ್‌ಫ್ರೇಮ್ ಕ್ಯಾಮರಾದಲ್ಲಿ 200 ಮಿ.ಮೀ., ಎಫ್ 2.8, 10 ಮೀಟರ್ ದೂರ, ಈ ಮೂರೂ ಸೇರಿದಾಗ ಸ್ಫುಟವಾಗಿ ಕಾಣುವ ಆಳ ಒಂದು ಮೊಳಕ್ಕೂ ಕಡಮೆ. ಮುಂದಿರುವ ಮೊಣಕೈಗೆ ಫೋಕಸ್ ಆದರೆ ಹಿಂದಿನ ಮುಖ ಮಂಜಾಗುತ್ತದೆ. ಚಿತ್ರದ ಜೀವವಿರುವುದು ಮುಖದಲ್ಲಿ. ಆದುದರಿಂದ ಫೋಕಸಿನ ಬಿಂದುವನ್ನು ನಾವೇ ಆರಿಸಿ ಮುಖದ ಮೇಲಿಟ್ಟು, ನಿರಂತರ ಫೋಕಸ್ ಕ್ರಮದಲ್ಲಿ ಹಿಂಬಾಲಿಸುವುದು ಅಭ್ಯಾಸವಾಗಬೇಕು.

ಕಡೆಯ ಸ್ಥಾನದಲ್ಲಿ ಕ್ಯಾಮರಾ

ಹಾಗಾದರೆ ಕ್ಯಾಮರಾದ ಒಡಲಿಗೆ ಮಹತ್ವವಿಲ್ಲವೆ? ಉಂಟು, ಆದರೆ ಅದರ ಪ್ರಶ್ನೆಗಳು ಬೇರೆ. ಫುಲ್‌ಫ್ರೇಮ್ ಸೆನ್ಸರಿನ ವಿಸ್ತೀರ್ಣ ಎಪಿಎಸ್-ಸಿಯ ಎರಡು ಪಟ್ಟಿಗಿಂತ ತುಸು ಹೆಚ್ಚಾದ್ದರಿಂದ ಮಂದ ಬೆಳಕಿನಲ್ಲಿ ಸುಮಾರು ಒಂದು ಸ್ಟಾಪಿನಷ್ಟು, ಎಂದರೆ ಬೆಳಕಿನ ಇಮ್ಮಡಿಯಷ್ಟು, ಅನುಕೂಲ ದೊರೆಯುತ್ತದೆ. ನಿಕಾನ್ ಡಿ750ರಂತಹ ಹಳೆಯದಾದ ಫುಲ್‌ಫ್ರೇಮ್ ಡಿಎಸ್‌ಎಲ್‌ಆರ್ ಸೆಕೆಂಡ್‌ಹ್ಯಾಂಡಿನಲ್ಲಿ ಸುಸ್ಥಿತಿಯಲ್ಲಿ ಸಿಕ್ಕರೆ, ಅದೇ ಬೆಲೆಯ ಹೊಸ ಚಿಕ್ಕ ಕ್ಯಾಮರಾಕ್ಕಿಂತ ಅದು ಈ ಕೆಲಸಕ್ಕೆ ಮೇಲು. ಮಿರರ್‌ಲೆಸ್ ಕ್ಯಾಮರಾಗಳು ಕಣ್ಣನ್ನು ಗುರುತಿಸಿ ಹಿಂಬಾಲಿಸುವ ಅದ್ಭುತ ಶಕ್ತಿಯನ್ನು ಪಡೆದಿವೆ. ಆದರೆ ಅವುಗಳ ನಿಶ್ಶಬ್ದವಾದ ಎಲೆಕ್ಟ್ರಾನಿಕ್ ಶಟರ್, ಸೆನ್ಸರನ್ನು ಸಾಲುಸಾಲಾಗಿ ಓದುವುದರಿಂದ, ಮಿಣುಕುವ ದೀಪದಡಿಯಲ್ಲಿ ಚಿತ್ರದ ಉದ್ದಕ್ಕೂ ಪಟ್ಟೆಗಳನ್ನು ಮೂಡಿಸುವುದುಂಟು. 2023ರಲ್ಲಿ ಪ್ರಕಟವಾದ ಸೋನಿ ಎ9 ಮಾರ್ಕ್ 3 ಇಡೀ ಸೆನ್ಸರನ್ನು ಏಕಕಾಲಕ್ಕೆ ಓದುವ ಗ್ಲೋಬಲ್ ಶಟರನ್ನು ತಂದಿದೆಯಾದರೂ ಅದರ ಬೆಲೆ ವೃತ್ತಿನಿರತರಿಗೂ ಭಾರ. ಉಳಿದವರು ಒಳಾಂಗಣದಲ್ಲಿ ಮೆಕ್ಯಾನಿಕಲ್ ಶಟರನ್ನೇ ನಂಬುವುದು ಕ್ಷೇಮ.

ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಹೆಮ್ಮೆಯ ಸಂಖ್ಯೆಯನ್ನೂ ವಿವೇಕದಿಂದ ತೂಗಬೇಕು. ಸೆಕೆಂಡಿಗೆ 10 ಚಿತ್ರ ತೆಗೆಯುವ ಕ್ಯಾಮರಾದ ಎರಡು ಚಿತ್ರಗಳ ನಡುವಿನ ಅವಕಾಶದಲ್ಲಿ, ಸೆಕೆಂಡಿಗೆ 10 ಮೀಟರ್ ವೇಗದ ಮುಷ್ಟಿ ಒಂದು ಪೂರ್ಣ ಮೀಟರ್ ಕ್ರಮಿಸಬಲ್ಲದು. ಏಟು ತಗುಲಿದ ಕ್ಷಣ ಆ ಎರಡರ ನಡುವೆ ಜಾರಿಹೋಗುವುದು ಸಹಜ. ಅದನ್ನು ಹಿಡಿಯುವುದು ಆಟವನ್ನು ಬಲ್ಲ ಮನಸ್ಸು. ಯಾವ ಪೈಲ್ವಾನ ಕಾಲು ಹಿಡಿಯುವ ಮುನ್ನ ಭುಜ ತಗ್ಗಿಸುತ್ತಾನೆ, ಯಾವನು ಸೊಂಟಕ್ಕೆ ಕೈ ಹಾಕಿದ ಮೇಲೆ ಕಲಾಜಂಗ್ ಪಟ್ಟು ಹಾಕಿ ಎತ್ತುತ್ತಾನೆ ಎಂಬುದನ್ನು ಗರಡಿಯ ಗುರುವಾದ ವಸ್ತಾದರ ಬಳಿ ಕುಳಿತು ಕಲಿತವನಿಗೆ ಹಳೆಯ ಕ್ಯಾಮರಾವೂ ವಿಧೇಯವಾಗಿರುತ್ತದೆ. ಮೈಸೂರಿನಲ್ಲಿ ವಿಜಯದಶಮಿಯಂದು ಅರಮನೆಯ ತೊಟ್ಟಿಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ನೆನೆಯಿರಿ: ತಲೆ ಬೋಳಿಸಿದ ಇಬ್ಬರು ಜಟ್ಟಿಗಳು ಎದುರಾದ ಮೇಲೆ, ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿದುಹೋಗುತ್ತದೆ. ಅಲ್ಪಕಾಲದ ಆ ಯುದ್ಧದಲ್ಲಿ ಸಿದ್ಧತೆಯಿಲ್ಲದವನಿಗೆ ಎರಡನೆಯ ಅವಕಾಶವೆಂಬುದಿಲ್ಲ.

ಫ್ಲ್ಯಾಶು ಮತ್ತು ಸ್ಥಾನ

ಬೆಳಕು ಸಾಲದಿದ್ದರೆ ಫ್ಲ್ಯಾಶ್ ಹಾಕಬಹುದಲ್ಲವೆ ಎಂದು ಕೇಳುವವರಿದ್ದಾರೆ. ಕಣ್ಣಿಗೆ ರಾಚುವ ಬೆಳಕು ಸ್ಪರ್ಧಿಯ ಏಕಾಗ್ರತೆಯನ್ನು ಕೆಡಿಸುವುದರಿಂದ ಅದನ್ನು ಬಹುತೇಕ ಪಂದ್ಯಗಳಲ್ಲಿ ಒಪ್ಪುವುದಿಲ್ಲ. ಒಪ್ಪಿದರೂ ದೂರ ಇಮ್ಮಡಿಯಾದಾಗ ಬೆಳಕು ನಾಲ್ಕರಲ್ಲಿ ಒಂದು ಪಾಲಿಗೆ ಕುಗ್ಗುವ ಕಾರಣ ಕ್ಯಾಮರಾದ ತಲೆಯ ಮೇಲಿನ ಫ್ಲ್ಯಾಶ್ ಹತ್ತಿರದವನನ್ನು ಬಿಳುಪಾಗಿಸಿ ದೂರದವನನ್ನು ಕತ್ತಲೆಗೆ ದೂಡುತ್ತದೆ. ಫ್ಲ್ಯಾಶಿನಿಂದಲೇ ಅಮರವಾದ ಚಿತ್ರವೂ ಇಲ್ಲದಿಲ್ಲ. 1965ರ ಮೇ 25ರಂದು ಅಮೆರಿಕದ ಮೇನ್ ರಾಜ್ಯದ ಲೂಯಿಸ್ಟನ್ ಊರಿನಲ್ಲಿ, ಬಿದ್ದ ಸನ್ನಿ ಲಿಸ್ಟನ್ನನ ಮೇಲೆ ಮುಹಮ್ಮದ್ ಅಲಿ ತೋಳು ಮಡಿಸಿ ಗರ್ಜಿಸುತ್ತ ನಿಂತ ದೃಶ್ಯವನ್ನು ನೀಲ್ ಲೀಫರ್ ರೋಲಿಫ್ಲೆಕ್ಸ್ ಕ್ಯಾಮರಾದಲ್ಲಿ, ರಿಂಗಿನ ಮೇಲೆ ತೂಗುಹಾಕಿದ ಸ್ಟ್ರೋಬ್ ದೀಪಗಳ ನೆರವಿನಿಂದ ಹಿಡಿದರು. ಲೀಫರರದೇ ಪತ್ರಿಕೆಯ ಹಿರಿಯ ಛಾಯಾಗ್ರಾಹಕ ಹರ್ಬ್ ಶಾರ್ಫ್‌ಮನ್ ರಿಂಗಿನ ಆಚೆ ಬದಿಯಲ್ಲಿದ್ದು, ಅಲಿಯ ಕಾಲುಗಳ ನಡುವೆ ಆ ಚಿತ್ರದಲ್ಲಿಯೇ ಕಾಣಿಸುತ್ತಾರೆ. ಅವರ ಕಡೆಗೆ ಆ ಕ್ಷಣದಲ್ಲಿ ಇದ್ದದ್ದು ಅಲಿಯ ಬೆನ್ನು. ಇಬ್ಬರೂ ಪಳಗಿದವರು, ಅಂದು ಇಬ್ಬರನ್ನು ಬೇರ್ಪಡಿಸಿದ್ದು ಸ್ಥಾನ.

ಆದಕಾರಣ ಪಂದ್ಯದ ಹಿಂದಿನ ಸಂಜೆಯೇ ಸ್ಥಳಕ್ಕೆ ಹೋಗಿ ಎಫ್ 2.8, 500ರ ಶಟರ್, ಐಎಸ್ಒ 3200 ಇಟ್ಟು ಒಂದು ಚಿತ್ರ ತೆಗೆದು ನೋಡಿ, ದೀಪಗಳು ಎಲ್ಲಿವೆ, ಕಿಟಕಿಯ ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಹಿನ್ನೆಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ರಾಶಿ ಬಾರದ ಮೂಲೆ ಯಾವುದು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಬಿಳಿಯ ಟವೆಲ್ಲಿನ ಮೇಲೆ ವೈಟ್ ಬ್ಯಾಲೆನ್ಸ್ ಹೊಂದಿಸಿ, ರಾ ಫೈಲಿನಲ್ಲಿ ತೆಗೆದರೆ ಟ್ಯೂಬ್‌ಲೈಟಿನ ಹಸಿರು ಛಾಯೆಯನ್ನು ಆಮೇಲೆ ತಿದ್ದಬಹುದು. ಗರಡಿಗೆ ಹೋದಾಗ ಪಾದರಕ್ಷೆಯನ್ನು ಹೊರಗೆ ಬಿಟ್ಟು, ಹನುಮಂತ ದೇವರ ಮುಂದೆ ನಮಿಸಿ, ವಸ್ತಾದರ ಅನುಮತಿ ಪಡೆದ ಮೇಲೆಯೇ ಕ್ಯಾಮರಾ ತೆಗೆಯತಕ್ಕದ್ದು. ಅಖಾಡದಲ್ಲಿ ಮಲ್ಲರು ಒಬ್ಬರ ಮೈಮೇಲೊಬ್ಬರು ಮಣ್ಣು ಎರಚುವಾಗ ಏಳುವ ಧೂಳು ಲೆನ್ಸಿನ ಸಂದುಗಳನ್ನು ಸೇರುತ್ತದೆ. ಅಲ್ಲಿ ಲೆನ್ಸ್ ಬದಲಿಸದೆ, ಮುಂದೆ ಒಂದು ಫಿಲ್ಟರ್ ಹಾಕಿಕೊಂಡು ಇರುವುದು ಲೇಸು. 40 ಡಿಗ್ರಿಯನ್ನು ದಾಟುವ ನಮ್ಮ ಬೇಸಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಕ್ಯಾಮರಾ, ಬ್ಯಾಟರಿಗಳನ್ನು ಬಿಡುವುದು ಸಲ್ಲದು.

ಸಂಘಟಕರಲ್ಲಿ ಒಂದು ವಿನಂತಿ

ಇಷ್ಟೆಲ್ಲ ಲೆಕ್ಕದ ಸಾರವನ್ನು ಛಾಯಾಗ್ರಾಹಕರಿಗೆ ಮಾತ್ರ ಹೇಳಿದರೆ ಮಾತು ಅಪೂರ್ಣವಾಗುತ್ತದೆ. ಎಫ್ 2.8ರಿಂದ ಎಫ್ 2ಕ್ಕೆ ಹೋದರೆ ದೊರೆಯುವ ಲಾಭ ಬೆಳಕಿನ ಇಮ್ಮಡಿ. ಮ್ಯಾಟಿನ ಮೇಲಿನ ದೀಪಗಳನ್ನು ಇಮ್ಮಡಿಗೊಳಿಸಿದರೂ ದೊರೆಯುವುದು ಅದೇ ಇಮ್ಮಡಿ. ಮೊದಲನೆಯದಕ್ಕೆ ಪ್ರತಿಯೊಬ್ಬ ಛಾಯಾಗ್ರಾಹಕನೂ ಬೇರೆ ಬೇರೆಯಾಗಿ ದೊಡ್ಡ ಹಣ ತೆರಬೇಕು. ಎರಡನೆಯದಕ್ಕೆ ಸಂಘಟಕರು ಒಮ್ಮೆ ಕೆಲವು ಒಳ್ಳೆಯ, ಮಿಣುಕದ ಎಲ್‌ಇಡಿ ದೀಪಗಳನ್ನು ತೂಗುಹಾಕಿಸಿದರೆ ಮೊಬೈಲ್ ಹಿಡಿದ ತಂದೆತಾಯಿಯರಿಂದ ಹಿಡಿದು ಪತ್ರಿಕೆಯವರವರೆಗೆ ಎಲ್ಲರ ಚಿತ್ರವೂ ಒಟ್ಟಿಗೆ ಉತ್ತಮವಾಗುತ್ತದೆ, ಸ್ಪರ್ಧಿಗಳಿಗೂ ತೀರ್ಪುಗಾರರಿಗೂ ನೋಟ ತಿಳಿಯಾಗುತ್ತದೆ. ಮ್ಯಾಟಿನ ಒಂದು ಬದಿಯಲ್ಲಿ ಛಾಯಾಗ್ರಾಹಕರು ಕುಳಿತುಕೊಳ್ಳುವಷ್ಟು ಜಾಗವನ್ನು ಬಿಡುವುದಕ್ಕಂತೂ ಯಾವ ಖರ್ಚೂ ಇಲ್ಲ.

ಬಾಗಲಕೋಟೆಯ ಅರ್ಜುನ ಹಲಕುರ್ಕಿಯವರು 2020ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್ಪಿನ ಗ್ರೀಕೊ-ರೋಮನ್ ಕುಸ್ತಿಯಲ್ಲಿ, 55 ಕಿಲೊ ವಿಭಾಗದಲ್ಲಿ, ಕಂಚಿನ ಪದಕ ಗೆದ್ದಾಗ ಆ ಹೋರಾಟದ ಚಿತ್ರಗಳು ನಾಡಿಗೆಲ್ಲ ತಲುಪಿದುವು, ಏಕೆಂದರೆ ಅಂತಹ ಕಣಗಳಲ್ಲಿ ಬೆಳಕೂ ಸ್ಥಾನವೂ ಮೊದಲೇ ಸಿದ್ಧವಾಗಿರುತ್ತವೆ. ಅಲ್ಲಿಗೆ ಹೋಗುವ ಮೊದಲು ಒಬ್ಬ ಮಲ್ಲ ತನ್ನ ಊರಿನ ಗರಡಿಯಲ್ಲಿ, ತಾಲ್ಲೂಕಿನ ಪಂದ್ಯದಲ್ಲಿ ಬೆವರಿಳಿಸಿದ ವರ್ಷಗಳಿಗೆ ಮಾತ್ರ ಸಾಕ್ಷ್ಯವೇ ಉಳಿಯುವುದಿಲ್ಲ. ಆ ವರ್ಷಗಳನ್ನು ಉಳಿಸುವ ಹೊಣೆ ಊರಿನ ಛಾಯಾಗ್ರಾಹಕರದು, ಅವರಿಗೆ ಬೆಳಕನ್ನು ಒದಗಿಸುವ ಹೊಣೆ ಊರಿನ ಹಿರಿಯರದು. ಶಹಾಪುರದ ಯಾವುದೇ ಕ್ರೀಡಾ ಸಮಿತಿ ಮುಂದಿನ ಪಂದ್ಯದ ಖರ್ಚಿನ ಪಟ್ಟಿಯನ್ನು ಬರೆಯುವಾಗ, ಗೆದ್ದವರಿಗೆ ಕೊಡುವ ಬೆಳ್ಳಿ ಕಡಗದ ಕೆಳಗಿನ ಸಾಲಿನಲ್ಲಿ ದೀಪಗಳನ್ನೂ ಸೇರಿಸಲಿ.